ಮಕ್ಕಳ ಕಲಹವೂ ಉಪಾಧ್ಯಾಯರ ಕಾಯಕವೂ

ಪ್ರಾಥಮಿಕ ಶಾಲೆಯಲ್ಲಿ ಮಕ್ಕಳು ಜಗಳವಾಡದ ದಿನವಿರುವುದು ಅಪರೂಪ. ಬಳಪದ ಚೂರು, ಕೂಡುವ ಜಾಗ, ಆಟದಲ್ಲಿ ಬಿದ್ದ ಪೆಟ್ಟು, ಊಟದ ಸಾಲಿನಲ್ಲಿ ಹಿಂದುಮುಂದಾದುದು ಇವೇ ಅದಕ್ಕೆ ಕಾರಣಗಳು. ಹಿರಿಯರ ಕಣ್ಣಿಗೆ ಇವು ಅಲ್ಪವಾಗಿ ತೋರಬಹುದು. ಮಗುವಿಗಾದರೋ ತನ್ನ ಮಾನ, ತನ್ನ ಸೊತ್ತು, ತನಗೆ ದೊರೆಯಬೇಕಾದ ನ್ಯಾಯ ಎಲ್ಲವೂ ಆ ಗಳಿಗೆಯಲ್ಲಿ ಬಳಪದ ಚೂರಿನಲ್ಲಿಯೇ ಅಡಗಿರುತ್ತವೆ. ಮನೆಯ ಹೊರಗೆ ನ್ಯಾಯವೆಂಬುದು ಉಂಟೇ ಇಲ್ಲವೇ ಎಂಬುದನ್ನು ಮಗುವು ಮೊದಲು ಅರಿಯುವುದು, ಜಗಳ ಬಿಡಿಸಲು ಬಂದ ಉಪಾಧ್ಯಾಯರ ಮುಖವನ್ನು ನೋಡಿ. ಆದುದರಿಂದ ಜಗಳ ಬಿಡಿಸುವುದೂ ಒಂದು ಪಾಠವೇ, ಉಪಾಧ್ಯಾಯರ ಕಾಯಕದ ಒಂದು ಭಾಗವೇ ಎಂದು ತಿಳಿಯತಕ್ಕುದು.

ರೂಢಿಯಲ್ಲಿ ಇದಕ್ಕೆ ಎರಡು ಉಪಾಯಗಳು ಬಳಕೆಯಲ್ಲಿವೆ. ಇಬ್ಬರಿಗೂ ಎರಡೆರಡು ಏಟು ಕೊಟ್ಟು ಕೂರಿಸುವುದು ಒಂದು, "ಮೊದಲು ಕೈಮಾಡಿದವನಾರು?" ಎಂದು ವಿಚಾರಿಸಿ ಒಬ್ಬನನ್ನು ಅಪರಾಧಿಯೆಂದು ನಿಲ್ಲಿಸುವುದು ಇನ್ನೊಂದು. ಮೊದಲನೆಯದರಿಂದ, ಬಲವುಳ್ಳವನು ಹೊಡೆಯಬಹುದೆಂಬ ನೀತಿಯನ್ನೇ ಮಗು ಕಲಿಯುತ್ತದೆ. ತನಗಿಂತ ಚಿಕ್ಕವನನ್ನು ಹೊಡೆದ ಹುಡುಗನನ್ನು ತಾವೂ ಹೊಡೆದು, ಹೊಡೆಯುವುದು ತಪ್ಪೆಂದು ಬೋಧಿಸಿದರೆ ನಂಬುವವರಾರು? ಎರಡನೆಯದರಿಂದ ಸುಳ್ಳು ಬೆಳೆಯುತ್ತದೆ. ಮಾತುಬಲ್ಲ ಮಗು ಗೆಲ್ಲುತ್ತದೆ, ಮಾತು ಬಾರದ ಮಗು ಸೋಲುತ್ತದೆ. ನಮ್ಮ ದೇಶದ ಶಿಕ್ಷಣ ಹಕ್ಕಿನ ಕಾಯಿದೆಯು (2009) ತನ್ನ 17ನೆಯ ಪ್ರಕರಣದಲ್ಲಿ ದೈಹಿಕ ದಂಡನೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಆದರೆ ಏನನ್ನು ಮಾಡಬಾರದೆಂದು ಕಾಯಿದೆ ಹೇಳೀತು. ಅದರ ಸ್ಥಾನದಲ್ಲಿ ಏನನ್ನು ಮಾಡಬೇಕೆಂಬ ವಿಚಾರಕ್ಕೆ ಶರಣರ ನಡೆ ನಮಗೆ ದಾರಿದೀಪವಾಗಬಲ್ಲದು.

ಅಲ್ಲಮಪ್ರಭುವು ಸೊನ್ನಲಿಗೆಗೆ ಬಂದ ಪ್ರಸಂಗವನ್ನು 'ಶೂನ್ಯಸಂಪಾದನೆ' ಓದಿದವರೆಲ್ಲರೂ ಬಲ್ಲರು. ಕೆರೆ ಕಟ್ಟಿಸುತ್ತಿದ್ದ ಸಿದ್ಧರಾಮನನ್ನು ಪ್ರಭುವು ಬಿರುಸಾಗಿ ನುಡಿದಾಗ ಆಳುಗಳು ಕೆರಳಿ ಕಲ್ಲೆಸೆದರು. ಸಿದ್ಧರಾಮನೇ ಕೋಪಾಗ್ನಿಯಿಂದ ಎದುರು ನಿಂತನು. ಆ ಅಗ್ನಿಯು ಪ್ರಭುವಿನ ಪಾದದ ಬಳಿ ತಣ್ಣಗಾಯಿತೆಂದು ಕಥೆ. ಇದರ ಪವಾಡದ ಅಂಶವನ್ನು ಬದಿಗಿರಿಸಿದರೂ ತತ್ತ್ವವು ಸ್ಪಷ್ಟವಾಗಿಯೇ ಇದೆ: ಕೋಪಕ್ಕೆ ಕೋಪವು ಎದುರಾಗದಿದ್ದಲ್ಲಿ ಬೆಂಕಿಗೆ ಸೌದೆಯಿಲ್ಲ. ಆ ಬಳಿಕವೇ ಅವರಿಬ್ಬರ ನಡುವೆ ಸಂವಾದ ಸಾಧ್ಯವಾಯಿತು. ಸಿದ್ಧರಾಮನು ಕಲ್ಯಾಣದ ದಾರಿ ಹಿಡಿದನು. ತರಗತಿಯಲ್ಲಿಯೂ ಉಪಾಧ್ಯಾಯರು ಮೊದಲು ತಣಿಸಬೇಕಾದುದು ತಮ್ಮ ಕೋಪವನ್ನು. ಮಕ್ಕಳ ನಡುವೆ ಹೋಗಿ ನಿಂತು, ತಗ್ಗಿದ ದನಿಯಲ್ಲಿ ಮಾತನಾಡಿ, ಇಬ್ಬರನ್ನೂ ಬೇರೆಬೇರೆ ಕಡೆ ಕೂರಿಸಿ, ಗಾಯವಾಗಿದ್ದರೆ ಮೊದಲು ಅದನ್ನು ನೋಡಿ, ಕುಡಿಯಲು ನೀರು ಕೊಡಲಿ. ಸಿಟ್ಟಿನಿಂದ ಏದುಸಿರು ಬಿಡುತ್ತಿರುವ ಮಗುವಿಗೆ ಉಪದೇಶ ಕೇಳಿಸದು.

ತಣಿದ ಮೇಲೆ ಕೇಳುವ ಕೆಲಸ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಅನುಭವ ಮಂಟಪದ ಹಿರಿಮೆಯಾವುದು? ಅಂಬಿಗ, ಮಡಿವಾಳ, ಮಾದಾರ ಮೊದಲಾದ ಎಲ್ಲ ಕಾಯಕದವರೂ, ಸ್ತ್ರೀಪುರುಷರೆಂಬ ಭೇದವಿಲ್ಲದೆ, ಅಲ್ಲಿ ಮಾತನಾಡಿದರು. ಅವರ ಮಾತನ್ನು ಇತರರು ಕೇಳಿದರು. ತರಗತಿಯ ಮೂಲೆಯೊಂದು ಹತ್ತು ನಿಮಿಷ ಪುಟ್ಟ ಮಂಟಪವಾಗಲಿ. ಒಬ್ಬನು ಹೇಳುವಾಗ ಮತ್ತೊಬ್ಬನು ನಡುವೆ ಬಾಯಿ ಹಾಕಬಾರದೆಂಬ ನಿಯಮವೊಂದು ಸಾಕು. "ಏನಾಯಿತು? ಆಗ ನಿನ್ನ ಮನಸ್ಸಿಗೆ ಏನನ್ನಿಸಿತು? ಈಗ ಸರಿಪಡಿಸಲು ನೀನೇನು ಮಾಡುವೆ?" ಎಂಬ ಮೂರು ಪ್ರಶ್ನೆಗಳನ್ನು ಇಬ್ಬರಿಗೂ ಸಮನಾಗಿ ಕೇಳಬೇಕು. ಮೂರನೆಯದಕ್ಕೆ ಮಕ್ಕಳೇ ಉತ್ತರ ಹುಡುಕುವಂತೆ ಕಾಯಬೇಕು.

ಬಲವಂತದಿಂದ ಹೇಳಿಸಿದ "ತಪ್ಪಾಯಿತು" ಎಂಬ ಮಾತಿಗೆ ಬೆಲೆಯಿಲ್ಲ. ನುಡಿಗೆ ನಡೆ ಜೊತೆಗೂಡಬೇಕೆಂಬುದು ಶರಣಧರ್ಮದ ಹುರುಳು. ಪುಸ್ತಕ ಹರಿದವನು ಅದನ್ನು ಅಂಟಿಸಿಕೊಡಲಿ; ಊಟ ಚೆಲ್ಲಿದವನು ಎಲೆಯನ್ನೋ ತಟ್ಟೆಯನ್ನೋ ಹಿಡಿದು ಹೋಗಿ ಮತ್ತೆ ಬಡಿಸಿಕೊಂಡು ಬಂದು ಕೊಡಲಿ. 2002ರಲ್ಲಿ ಕರ್ನಾಟಕದಲ್ಲಿ ಮೊದಲಾದ ಬಿಸಿಯೂಟಕ್ಕೆ 'ಅಕ್ಷರ ದಾಸೋಹ'ವೆಂದು ಹೆಸರಿಟ್ಟಿರುವುದು ಸರಿಯಷ್ಟೆ. ಜಗಳವಾಡಿದ ಮಗುವು ಇನ್ನೊಂದು ಮಗುವಿಗೆ ಅನ್ನ ತಂದುಕೊಟ್ಟಾಗ ಆ ಹೆಸರು ಸಾರ್ಥಕವಾಗುತ್ತದೆ. ಇಲ್ಲೊಂದು ಎಚ್ಚರಿಕೆ ಬೇಕು. ಕಸ ಗುಡಿಸುವುದನ್ನು ದಂಡನೆಯಾಗಿ ವಿಧಿಸಬಾರದು. ಅಂಗಳ ಗುಡಿಸುವುದನ್ನೇ ಕಾಯಕವಾಗಿ ಕೈಕೊಂಡ ಸತ್ಯಕ್ಕನು ಶರಣೆಯೆಂದು ಪೂಜ್ಯಳಾದ ಪರಂಪರೆ ನಮ್ಮದು. ಪೊರಕೆಯನ್ನು ಅಪರಾಧದ ಗುರುತು ಮಾಡಿದರೆ, ದುಡಿಮೆಯು ಹೀನವೆಂಬ ಭಾವನೆಯನ್ನು ಎಳೆಯ ಮನಸ್ಸಿನಲ್ಲಿ ನಾವೇ ಬಿತ್ತಿದಂತಾಗುತ್ತದೆ.

ಎಲ್ಲ ಜಗಳವೂ ಒಂದೇ ಬಗೆಯದಲ್ಲ. ಸಮಬಲರಾದ ಇಬ್ಬರು ಗೆಳೆಯರು ಕಿತ್ತಾಡುವುದು ಬೇರೆ. ಬಲಿಷ್ಠನೊಬ್ಬನು ದುರ್ಬಲನನ್ನು ದಿನವೂ ಪೀಡಿಸುವುದು ಬೇರೆ. ಒಂದು ಮಗುವನ್ನು ಅದರ ಜಾತಿಯ ಹೆಸರಿನಿಂದಲೋ ತಂದೆಯ ಕಸುಬಿನಿಂದಲೋ ಹಂಗಿಸಿ, ಆ ಮಗು ತಿರುಗಿ ಹೊಡೆದಾಗ, "ಇಬ್ಬರದೂ ತಪ್ಪು" ಎಂದು ತೀರ್ಮಾನಿಸುವುದು ನಿಷ್ಪಕ್ಷಪಾತವೆನಿಸದು. ಅದು ಅನ್ಯಾಯದ ಪಕ್ಷವನ್ನೇ ವಹಿಸಿದಂತೆ. ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ ಇವರನ್ನು ತನ್ನ ಹಿರಿಯರೆಂದು ಭಾವಿಸಿದ ಬಸವಣ್ಣನವರ ಅನುಯಾಯಿಗಳು ಇಲ್ಲಿ ಸುಮ್ಮನಿರುವಂತಿಲ್ಲ. ಪಂಚಾಚಾರಗಳಲ್ಲಿ ಭೃತ್ಯಾಚಾರವು ವಿನಯವನ್ನು ಕಲಿಸಿದರೆ, ಗಣಾಚಾರವು ಅನ್ಯಾಯವನ್ನು ಸಹಿಸದ ಧೈರ್ಯವನ್ನು ಕಲಿಸುತ್ತದೆ. ಉಪಾಧ್ಯಾಯರಿಗೆ ಎರಡೂ ಬೇಕು. ನೊಂದ ಮಗುವಿಗೆ ಮೊದಲು ರಕ್ಷಣೆ ದೊರೆಯಲಿ. ಕೈಕುಲುಕೆಂದು ಅದನ್ನು ಒತ್ತಾಯಿಸದಿರಲಿ. ಹೊಡೆದುದು ಸರಿಯಲ್ಲವೆಂದು ಅದಕ್ಕೆ ಆಮೇಲೆ ಏಕಾಂತದಲ್ಲಿ ತಿಳಿಹೇಳಬಹುದು. ಹಂಗಿಸಿದ ಮಗುವಿಗೆ ಆ ಮಾತು ಈ ತರಗತಿಯಲ್ಲಿ ಸಲ್ಲದೆಂದು ಖಚಿತವಾಗಿ, ಆದರೆ ಅದನ್ನು ಅವಮಾನಿಸದೆ, ಹೇಳಬೇಕು. ಪೀಡೆ ಮುಂದುವರಿದರೆ ಮುಖ್ಯೋಪಾಧ್ಯಾಯರಿಗೂ ತಾಯ್ತಂದೆಗಳಿಗೂ ತಿಳಿಸಿ, ಆಟದ ಬಯಲಿನಲ್ಲಿಯೂ ನಿಗಾ ಇಡಬೇಕು.

ಹಲವು ಹಳ್ಳಿಗಳಲ್ಲಿ ಒಬ್ಬರೇ ಉಪಾಧ್ಯಾಯರು ಎರಡು ಮೂರು ತರಗತಿಗಳ ಮಕ್ಕಳನ್ನು ಒಂದೇ ಕೋಣೆಯಲ್ಲಿ ಕೂರಿಸಿಕೊಂಡು ಪಾಠ ಹೇಳುತ್ತಾರೆ. ಅವರಿಗೆ ಇಷ್ಟಕ್ಕೆಲ್ಲ ಪುರುಸೊತ್ತೆಲ್ಲಿ ಎಂಬ ಆಕ್ಷೇಪ ನ್ಯಾಯವಾದುದೇ. ಪ್ರತಿಯೊಂದು ಜಗಳವನ್ನೂ ಆ ಕ್ಷಣದಲ್ಲಿಯೇ ವಿಚಾರಿಸಬೇಕಾಗಿಲ್ಲ. ಇಬ್ಬರನ್ನೂ ದೂರ ಕೂರಿಸಿ, "ಸಂಜೆ ನಿಮ್ಮ ಮಾತನ್ನು ಕೇಳುವೆನು" ಎಂದು ಪಾಠ ಮುಂದುವರಿಸಬಹುದು. ಆದರೆ ಸಂಜೆ ತಪ್ಪದೆ ಕೇಳಬೇಕು. ಕೊಟ್ಟ ಮಾತನ್ನು ಗುರುವು ನಡೆಸಿದನೆಂದು ಕಂಡ ಮಗುವು ಮರುದಿನ ಕೈಯೆತ್ತುವ ಮುನ್ನ ಒಂದು ಕ್ಷಣ ತಡೆದೀತು.

ಗೃಹಸ್ಥರಾದ ಸದ್ಭಕ್ತರ ಹೊಣೆಯೂ ಇಲ್ಲಿ ಸಣ್ಣದಲ್ಲ. ಶಾಲೆಗೆ ಮಗು ಒಯ್ಯುವ ಮಾತು ಮನೆಯಲ್ಲಿ ಕೇಳಿದ ಮಾತೇ. ಅಳುತ್ತ ಬಂದ ಮಗುವಿಗೆ "ನೀನೂ ನಾಲ್ಕು ಕೊಟ್ಟು ಬರಬಾರದಿತ್ತೇ?" ಎನ್ನುವ ತಂದೆಯೂ, "ಅವನು ಯಾರ ಪೈಕಿ?" ಎಂದು ಮೊದಲು ವಿಚಾರಿಸುವ ತಾಯಿಯೂ ಉಪಾಧ್ಯಾಯರ ವರ್ಷದ ಶ್ರಮವನ್ನು ಒಂದೇ ಸಂಜೆಯಲ್ಲಿ ಅಳಿಸಿಬಿಡುತ್ತಾರೆ. ಮಗುವಿನ ಮಾತನ್ನು ಪೂರ್ತಿಯಾಗಿ ಕೇಳಿ, ಇನ್ನೊಂದು ಮಗುವಿಗೂ ಹೇಳುವುದೇನಾದರೂ ಇದ್ದೀತೆಂದು ತಿಳಿಹೇಳಿ, ಬಳಿಕ ಅಗತ್ಯವಾದರೆ ಶಾಂತಚಿತ್ತದಿಂದ ಶಾಲೆಗೆ ಹೋಗತಕ್ಕುದು.

ಅಂಗೈಯಲ್ಲಿ ಇಷ್ಟಲಿಂಗವನ್ನಿರಿಸಿ ಪೂಜಿಸುವವರು ನಾವು. ಆ ಕೈಯು ಮಗುವಿನ ಮೇಲೆ ಏಟಾಗಿ ಬೀಳದಿರಲಿ. ನಮ್ಮನ್ನು ನೋಡಿ ಬೆಳೆಯುವ ಮಕ್ಕಳ ಕೈಯೂ ತಮ್ಮ ಜೊತೆಯವರ ಮೇಲೆ ಬೀಳದಿರಲಿ.