ರಸೀದಿ ಕೇಳು, ಆಮೇಲೆ ಪಾಕೀಟು ತೆಗೆ

ತಮ್ಮ, ಸಾಲ ಮಾಡಿ ಹಳದಿ ಬೋರ್ಡಿನ ಗಾಡಿ ಕೊಂಡಿದ್ದೀಯ, ಗೋವಾ ಲೈನಿಗೆ ಇಳಿಯುತ್ತಿದ್ದೀಯ. ಒಳ್ಳೆಯದಾಗಲಿ. ಬೆಳಗಾವಿ, ಖಾನಾಪುರದ ಎಷ್ಟೋ ಮನೆಗಳಿಗೆ ಈ ದಾರಿಯೇ ಅನ್ನ. ಇಲ್ಲಿಂದ ಹೊರಟ ಕೋಸು, ಟೊಮೆಟೊ, ಹಾಲು ಹೊತ್ತಿಗೆ ಸರಿಯಾಗಿ ಗೋವಾ ಮುಟ್ಟಬೇಕು. ಮೋಪಾದಲ್ಲಿ ವಿಮಾನ ಹಿಡಿಯುವವರು, ಬಾಂಬೋಳಿಯ ದೊಡ್ಡಾಸ್ಪತ್ರೆಗೆ ಹೋಗುವವರು ನಿನ್ನನ್ನೇ ನಂಬಿ ಕೂತಿರುತ್ತಾರೆ. ಜಾಂಬೋಟಿ, ಕಣಕುಂಬಿ ಮೇಲೆ ಚೋರ್ಲಾ ಘಾಟ್ ಇಳಿ, ಲೋಂಡಾ, ರಾಮನಗರ ಮೇಲೆ ಅನಮೋಡ ಇಳಿದು ಮೊಲ್ಲೆಮ್ ಸೇರು, ನಿಪ್ಪಾಣಿ ದಾಟಿ ಕೊಲ್ಲಾಪುರಕ್ಕೆ ಹೋಗು, ಇಲ್ಲವೇ ಬಾಚಿ ದಾಟಿ ಶಿನೋಳಿಗೆ ಹೋಗು. ಯಾವ ದಿಕ್ಕಿಗೆ ಹೋದರೂ ಗಡಿ ಇದೆ, ಗಡಿ ಇದ್ದಲ್ಲಿ ತಪಾಸಣೆ ಇದೆ.

ತಪಾಸಣೆ ತಪ್ಪಲ್ಲ. ಕಳ್ಳಮಾಲು, ಕದ್ದ ಗಾಡಿ ಹಿಡಿಯಲು ಅದು ಬೇಕು. ಮಳೆ ಚಳಿಯಲ್ಲಿ ರಾತ್ರಿಯಿಡೀ ನಿಂತು ನೆಟ್ಟಗೆ ಕೆಲಸ ಮಾಡುವವರು ಅಲ್ಲಿದ್ದಾರೆ, ಅವರಿಗೆ ಗೌರವ ಕೊಡು. ಆದರೆ ಗಡಿಯಲ್ಲಿ ಎರಡು ನಮೂನೆಯ ದುಡ್ಡು ಓಡಾಡುತ್ತದೆ: ರಸೀದಿ ಇರುವುದು ಒಂದು, ರಸೀದಿ ಇಲ್ಲದ್ದು ಇನ್ನೊಂದು. ಮೊದಲನೆಯದನ್ನು ಪೈಸೆ ಬಿಡದೆ ಕಟ್ಟು. ಎರಡನೆಯದಕ್ಕೆ ಪಾಕೀಟು ತೆಗೆಯಲೇಬೇಡ. ನಾನು ಹೇಳಬೇಕಾದದ್ದು ಇಷ್ಟೇ. ಇದನ್ನು ಪಾಲಿಸುವುದು ಹೇಗೆ ಅನ್ನುವುದಕ್ಕೆ ಮಾತ್ರ ಸ್ವಲ್ಪ ವಿವರ ಬೇಕು.

ಚಿರಿಮಿರಿ ಕೇಳುವವನಿಗೆ ದಾರಿ ಸಿಗುವುದು ನಿನ್ನ ಹತ್ತಿರ ಇಲ್ಲದ ಕಾಗದದಿಂದ, ನಿನಗೆ ಗೊತ್ತಿಲ್ಲದ ನಿಯಮದಿಂದ, ನಿನ್ನ ಅವಸರದಿಂದ. ಈ ಮೂರೂ ಬಾಗಿಲನ್ನು ಮನೆಯಲ್ಲೇ ಮುಚ್ಚಿಕೊಂಡು ಹೊರಡಬಹುದು.

ಕಾಗದದಿಂದ ಶುರು ಮಾಡೋಣ. ಆರ್‌ಸಿ, ವಿಮೆ, ಫಿಟ್‌ನೆಸ್, ಪರ್ಮಿಟ್, ತೆರಿಗೆ, ಹೊಗೆ ತಪಾಸಣೆ, ಲೈಸೆನ್ಸ್ ಇವುಗಳ ಕೊನೆಯ ತಾರೀಖನ್ನು ಒಂದು ಹಾಳೆಯಲ್ಲಿ ಬರೆದು ಡ್ಯಾಶ್‌ಬೋರ್ಡ್ ಒಳಗೆ ಅಂಟಿಸು. ಸಾರಿಗೆ ವಾಹನಕ್ಕೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿವರ್ಷ ಫಿಟ್‌ನೆಸ್ ಆಗಬೇಕು. ಮರೆಯುವುದು ಹೆಚ್ಚಾಗಿ ಇದನ್ನೇ. ಡಿಜಿಲಾಕರ್, ಎಂ-ಪರಿವಾಹನ್ ಆ್ಯಪ್‌ನಲ್ಲಿ ತೋರಿಸುವ ದಾಖಲೆ ಕಾಗದದಷ್ಟೇ ನಡೆಯುತ್ತದೆ. 2018ರಲ್ಲೇ ಕೇಂದ್ರ ಸರ್ಕಾರ ಇದಕ್ಕಾಗಿ ಮೋಟಾರು ವಾಹನ ನಿಯಮ ತಿದ್ದಿದೆ. ಆದರೂ ಘಾಟಿನ ಕಾಡಿನಲ್ಲಿ ನೆಟ್‌ವರ್ಕ್ ಕೈ ಕೊಡುತ್ತದೆ. ಹೊರಡುವ ಮೊದಲೇ ಫೋನಿಗೆ ಇಳಿಸಿಕೋ, ಒಂದು ಪ್ರತಿ ಫೈಲಿನಲ್ಲೂ ಇರಲಿ.

ಪ್ರವಾಸಿ ಕಾರಿನ ಅಖಿಲ ಭಾರತ ಪರ್ಮಿಟ್‌ಗೆ 2023ರ ಮೇ ತಿಂಗಳಿಂದ ಹೊಸ ನಿಯಮ ಬಂದಿದೆ, ಅರ್ಜಿ ಆನ್‌ಲೈನಿನಲ್ಲೇ ಹಾಕಬಹುದು. ಆ ಪರ್ಮಿಟ್ ಇಲ್ಲದಿದ್ದರೆ ಹೋಗುವ ರಾಜ್ಯದ ತೆರಿಗೆಯನ್ನು ಪರಿವಾಹನ್ ಜಾಲತಾಣದ ಚೆಕ್‌ಪೋಸ್ಟ್ ವಿಭಾಗದಲ್ಲಿ ಹಿಂದಿನ ರಾತ್ರಿಯೇ ಕಟ್ಟಿ ರಸೀದಿ ಇಳಿಸಿಕೋ. ಗಾಡಿ ನಂಬರು, ದಿನಾಂಕ ಸರಿ ಇವೆಯೇ ಎಂದು ಓದು. ದಾರಿಬದಿಯ ಅಂಗಡಿಯವನು ಮಾಡಿಕೊಟ್ಟರಂತೂ ಎರಡು ಸಲ ಓದು. ಬಿಳಿ ಬೋರ್ಡಿನ ಸ್ವಂತ ಕಾರಿನಲ್ಲಿ ಹೋಗುವ ನಿನ್ನ ನೆಂಟರಿಗೂ ಒಂದು ಮಾತು ಹೇಳಿರು: ಕೆಎ 22 ನಂಬರು ಕಂಡು ‘ಹೊರರಾಜ್ಯದ ಗಾಡಿ’ ಎಂದು ಯಾರಾದರೂ ಹೆದರಿಸಿದರೆ ಹೆದರಬೇಕಿಲ್ಲ. ಮೋಟಾರು ವಾಹನ ಕಾಯ್ದೆಯ 47ನೇ ಕಲಮಿನ ಪ್ರಕಾರ ಬೇರೆ ರಾಜ್ಯದಲ್ಲಿ ಗಾಡಿ ಹನ್ನೆರಡು ತಿಂಗಳು ಮೀರಿ ಉಳಿದರೆ ಮಾತ್ರ ಅಲ್ಲಿ ಹೊಸ ನೋಂದಣಿಯ ಪ್ರಶ್ನೆ ಬರುತ್ತದೆ.

ಇನ್ನು ನಿಯಮ. ಗೊತ್ತಿಲ್ಲದವನ ಹತ್ತಿರ ಇಲ್ಲದ ದಂಡವೂ ವಸೂಲಾಗುತ್ತದೆ. ಕೋಸು ತುಂಬಿದ ಗಾಡಿ ನಿಲ್ಲಿಸಿ ‘ಇ-ವೇ ಬಿಲ್ ಎಲ್ಲಿ?’ ಎಂದು ಕೇಳಿದರೆ ಹುಡುಗರು ತಬ್ಬಿಬ್ಬಾಗುತ್ತಾರೆ. ತಾಜಾ ತರಕಾರಿಗೆ, ಹಾಲಿಗೆ ಇ-ವೇ ಬಿಲ್ ಬೇಡವೇ ಬೇಡ. ಎಪಿಎಂಸಿ ಅಥವಾ ದಲಾಲರ ಅಂಗಡಿಯ ಬಿಲ್ ಜೊತೆಗಿಟ್ಟುಕೋ, ಸಾಕು. ತೆರಿಗೆ ಬೀಳುವ ಸರಕು 50,000 ರೂಪಾಯಿ ದಾಟಿದರೆ ಮಾತ್ರ ಮಾಲೀಕನಿಂದ ಇ-ವೇ ಬಿಲ್ ಪಡೆಯದೆ ಗಾಡಿ ಸ್ಟಾರ್ಟ್ ಮಾಡಬೇಡ. ಒಟ್ಟು ತೂಕ 3,000 ಕಿಲೋ ಮೀರದ ಸಣ್ಣ ಸರಕು ಗಾಡಿಗೆ ಪರ್ಮಿಟ್ಟೇ ಬೇಕಿಲ್ಲ, ಮೋಟಾರು ವಾಹನ ಕಾಯ್ದೆಯ 66ನೇ ಕಲಂ ವಿನಾಯಿತಿ ಕೊಟ್ಟಿದೆ. ಸೀಟಿಗಿಂತ ಹೆಚ್ಚು ಜನ ಕೂತರೆ ಕಾಯ್ದೆಯಲ್ಲಿ ತಲೆಗೆ 200 ರೂಪಾಯಿ ದಂಡ. ಇದು ಗೊತ್ತಿಲ್ಲದವನು ‘ಕೇಸ್ ಆಗತೈತಿ’ ಎಂಬ ಒಂದೇ ಮಾತಿಗೆ ಅದರ ಎಷ್ಟೋ ಪಟ್ಟು ಕೊಟ್ಟು ಬರುತ್ತಾನೆ.

ಆದರೆ ನಿನ್ನ ಕೈ ಶುದ್ಧ ಇರಬೇಕು. ಓವರ್‌ಲೋಡ್ ಹಾಕಿದವನಿಗೆ ರಸೀದಿ ಕೇಳುವ ಧೈರ್ಯ ಬರುವುದಿಲ್ಲ. 2019ರ ತಿದ್ದುಪಡಿಯ ನಂತರ ಅದಕ್ಕೆ ದಂಡ 20,000 ರೂಪಾಯಿ, ಮೇಲೆ ಪ್ರತಿ ಹೆಚ್ಚುವರಿ ಟನ್ನಿಗೆ 2,000. ಹೆಚ್ಚಿನ ಮಾಲು ಇಳಿಸುವ ಖರ್ಚೂ ನಿನ್ನದೇ. ಗೋವಾದಿಂದ ಬರುವಾಗ ಬಾಟಲಿ ತರಬೇಡ, ಪ್ರಯಾಣಿಕರಿಗೂ ಮೊದಲೇ ಹೇಳು. ಪರವಾನಗಿ ಇಲ್ಲದ ಮದ್ಯ ಸಿಕ್ಕರೆ ಕರ್ನಾಟಕ ಅಬಕಾರಿ ಕಾಯ್ದೆಯಡಿ ಕೇಸು, ಅದರಲ್ಲಿ ಗಾಡಿಯೂ ಜಪ್ತಿಯಾಗಬಹುದು. ಕಂತು ಮಾತ್ರ ನಿಲ್ಲುವುದಿಲ್ಲ. ಮಳೆಗಾಲದಲ್ಲಿ ಘಾಟಿನಲ್ಲಿ ಭಾರಿ ವಾಹನ ನಿಷೇಧಿಸಿದ್ದಾರೆಂದರೆ ಯಾರಿಗೋ ಕೈಬಿಸಿ ಮಾಡಿ ನುಗ್ಗಬೇಡ. ಕುಸಿಯುವ ಗುಡ್ಡಕ್ಕೆ ನೀನು ಯಾರಿಗೆ ಎಷ್ಟು ಕೊಟ್ಟೆ ಅನ್ನುವುದು ಗೊತ್ತಾಗುವುದಿಲ್ಲ. ಚುನಾವಣೆ ಹೊತ್ತಿನಲ್ಲಿ ವ್ಯಾಪಾರದ ನಗದು 50,000 ಮೀರಿದರೆ ಬ್ಯಾಂಕ್ ಚೀಟಿ, ಬಿಲ್ಲು ಜೊತೆಗಿರಲಿ. ಹಿಡಿದ ಹಣಕ್ಕೆ ಲಿಖಿತ ದಾಖಲೆ ಪಡೆದೇ ಅಲ್ಲಿಂದ ಕದಲು. ಅದನ್ನು ಬಿಡಿಸಿಕೊಳ್ಳಲು ಜಿಲ್ಲಾ ಮಟ್ಟದಲ್ಲಿ ಸಮಿತಿ ಇರುತ್ತದೆ.

ಅವಸರದ ಬಾಗಿಲು ಮುಚ್ಚುವುದು ಎಲ್ಲಕ್ಕಿಂತ ಕಷ್ಟ. ವಿಮಾನಕ್ಕೆ ಹೊತ್ತಾಯಿತು ಎಂದು ಹಿಂದಿನ ಸೀಟಿನಿಂದಲೇ ‘ಕೊಟ್ಟು ಕಳಿಸ್ರೀ, ನಾ ಕೊಡತೀನಿ’ ಅನ್ನುತ್ತಾರೆ. ಅದಕ್ಕೇ ಬಾಡಿಗೆ ಮಾತಾಡುವಾಗಲೇ ಒಂದು ತಾಸು ಮುಂಚೆ ಹೊರಡುವ ಕರಾರು ಮಾಡಿಕೋ. ಕೈಯಲ್ಲಿ ಸಮಯ ಇರುವವನನ್ನು ಯಾರೂ ಬಹಳ ಹೊತ್ತು ನಿಲ್ಲಿಸಿಕೊಳ್ಳುವುದಿಲ್ಲ, ಅವನಿಂದ ಏನೂ ಗಿಟ್ಟುವುದಿಲ್ಲ.

ಚಿರಿಮಿರಿ ಕೇಳುವ ರೀತಿಯನ್ನೂ ತಿಳಿದಿರು. ಲೈಸೆನ್ಸ್ ಇಸಿದುಕೊಳ್ಳುತ್ತಾರೆ. ತಪ್ಪೇನು ಎಂದು ಹೇಳುವುದಿಲ್ಲ, ವಾಪಸ್ಸೂ ಕೊಡುವುದಿಲ್ಲ. ನಿನ್ನ ಹಿಂದಿನ ಗಾಡಿಗಳು ಒಂದೊಂದೇ ದಾಟುತ್ತವೆ. ಆಮೇಲೆ ಸಾದಾ ಅಂಗಿಯ ಒಬ್ಬ ಮೇಜಿನ ಕಡೆಯಿಂದ ಬಂದು, ಬೆಳಕು ಬೀಳದ ಮಗ್ಗುಲಲ್ಲಿ, ಹಿಂದಿನ ಗಾಲಿಯ ಹತ್ತಿರ ನಿಂತು ಮೆಲ್ಲಗೆ ಹೇಳುತ್ತಾನೆ: ‘ಸಾಹೇಬ್ರು ಗಡಿಬಿಡಿಯೊಳಗ ಅದಾರ. ಏನರ ನೋಡಿ ಮುಗಿಸಿಬಿಡ್ರಿ.’ ಅವನು ಎಂದೂ ಮೊತ್ತ ಹೇಳುವುದಿಲ್ಲ. ನಿನ್ನ ಬಾಯಿಂದಲೇ ಬರಲಿ ಎಂದು ಕಾಯುತ್ತಾನೆ.

ಅವನೊಂದಿಗೆ ಮಾತು ಬೆಳೆಸಬೇಡ. ಫೈಲು ಹಿಡಿದು ನೇರ ಮೇಜಿಗೆ ಹೋಗು. ನಮಸ್ಕಾರ ಮಾಡಿ, ದನಿ ಏರಿಸದೆ ಕೇಳು: ‘ಸರ್, ಯಾವ ಕಲಂ? ಚಲನ್ ಹಾಕ್ರಿ, ಕಟ್ಟತೀನಿ.’ ಚಲನ್ ಹಾಕಿದರೆ ಸ್ಥಳದಲ್ಲೇ ನಗದು ಕೊಡಲೇಬೇಕೆಂದಿಲ್ಲ, ಇ-ಚಲನ್ ಆನ್‌ಲೈನ್‌ನಲ್ಲಿ ಕಟ್ಟಬಹುದು, ಒಪ್ಪಿಗೆ ಇಲ್ಲದಿದ್ದರೆ ನ್ಯಾಯಾಲಯಕ್ಕೆ ಹೋಗಬಹುದು. ಪೊಲೀಸರು ಲೈಸೆನ್ಸ್ ಜಪ್ತಿ ಮಾಡಿದರೆ ಮೋಟಾರು ವಾಹನ ಕಾಯ್ದೆಯ 206ನೇ ಕಲಮಿನಂತೆ ಸ್ವೀಕೃತಿ ಚೀಟಿ ಕೊಡಬೇಕು. ಲೈಸೆನ್ಸ್ ವಾಪಸ್ಸು ಬರುವವರೆಗೆ, ಇಲ್ಲವೇ ಚೀಟಿಯಲ್ಲಿ ಬರೆದ ತಾರೀಖಿನವರೆಗೆ, ಯಾವುದು ಮೊದಲೋ ಅಲ್ಲಿಯವರೆಗೆ ಆ ಚೀಟಿಯ ಮೇಲೆಯೇ ಗಾಡಿ ಓಡಿಸಬಹುದು. ಮೊಬೈಲ್ ಎತ್ತಿ ಮುಖಕ್ಕೆ ಹಿಡಿದು ಜಗಳ ತೆಗೆಯಬೇಡ. ಎದೆಯ ಮೇಲಿನ ಹೆಸರು, ಜಾಗ, ಹೊತ್ತು ಬರೆದುಕೋ. ಯಾರದೋ ಖಾಸಗಿ ಫೋನ್ ಪೇ ನಂಬರಿಗೆ ಹಾಕು ಎಂದರೆ ಹಾಕಬೇಡ, ಆ ನಂಬರನ್ನೂ ಬರೆದುಕೋ.

ಇದು ನಮ್ಮ ಗಡಿಯೊಂದರ ಕಥೆಯಲ್ಲ. ಥಾಯ್ಲೆಂಡಿನಲ್ಲಿ ವೀಸಾ ದಿನ ಮುಗಿದವರು ಗಡಿ ದಾಟಿ ಬರಲು ಕಾಂಬೋಡಿಯಾದ ಪೊಯ್ಪೆಟ್‌ಗೆ ಹೋಗುತ್ತಿದ್ದ ಕಾಲದಲ್ಲಿ, ಗೋಡೆಯ ಮೇಲೆ ಬರೆದ ಶುಲ್ಕಕ್ಕಿಂತ ಹೆಚ್ಚು ಕೇಳುತ್ತಾರೆಂಬುದು ಲೋಕಪ್ರಸಿದ್ಧವಾಗಿತ್ತು. ಅಲ್ಲಿ ಪಾರಾಗುತ್ತಿದ್ದವರು ಇ-ವೀಸಾ ಮೊದಲೇ ಮಾಡಿಸಿಕೊಂಡವರು, ಕಿಟಕಿಗೆ ಮುಂಚೆ ಸಿಗುವ ದಲಾಲಿಗೆ ಪಾಸ್‌ಪೋರ್ಟ್ ಕೊಡದವರು. ಮುಕ್ತಿನಾಥ, ಪಶುಪತಿನಾಥಕ್ಕೆ ಗಾಡಿ ಒಯ್ದರೂ ಇದೇ ಪಾಠ. ನೇಪಾಳಕ್ಕೆ ನಮಗೆ ವೀಸಾ ಬೇಡ, ಗಾಡಿಯ ದಿನದ ಶುಲ್ಕವನ್ನು ಅಲ್ಲಿನ ಭನ್ಸಾರ್ (ಸುಂಕ) ಕಚೇರಿಯಲ್ಲಿ ನಿನ್ನ ಕೈಯಾರೆ ಕಟ್ಟು. ಬೆಳಗಾವಿಯಲ್ಲಿ ವೈದ್ಯಕೀಯ ಓದುವ ಮಲೇಷ್ಯಾದ ಮಕ್ಕಳು ನಿನ್ನ ಕಾರು ಹತ್ತಿದರೆ ಅವರಿಗೂ ತಿಳಿಸು: ನೋಂದಣಿ, ವೀಸಾ ವಿಸ್ತರಣೆಗೆ 2018ರಿಂದ ಇ-ಎಫ್‌ಆರ್‌ಆರ್‌ಒ ಜಾಲತಾಣ ಇದೆ, ಏಜೆಂಟ್ ಬೇಕಿಲ್ಲ. ಪಾಸ್‌ಪೋರ್ಟ್ ತೋರಿಸಿದ ಮೇಲೆ ರಾಜ್ಯದ ಗಡಿಯಲ್ಲಿ ‘ಫಾರಿನರ್ ಫೀ’ ಎಂಬುದೇ ಇಲ್ಲ.

ಈಗ ಗಂಭೀರವಾದ ಮಾತು. ‘ಕೇಳಿದರು, ಕೊಟ್ಟೆ, ನನ್ನದೇನು ತಪ್ಪು’ ಅನ್ನುವ ಕಾಲ ಹೋಯಿತು. ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರ ಜುಲೈನಲ್ಲಿ ಬಂದ ತಿದ್ದುಪಡಿಯಿಂದ ಲಂಚ ಕೊಡುವುದೂ ಅಪರಾಧ, ಏಳು ವರ್ಷದವರೆಗೆ ಜೈಲು. ಬಲವಂತಕ್ಕೆ ಕೊಟ್ಟಿದ್ದರೆ ಏಳು ದಿನದೊಳಗೆ ತನಿಖಾ ಸಂಸ್ಥೆಗೆ ತಿಳಿಸಬೇಕು, ಆಗ ರಕ್ಷಣೆ ಇದೆ. ಮೊದಲೇ ತಿಳಿಸಿ, ಅವರು ಹೇಳಿದಂತೆ ಕೊಟ್ಟರೂ ತಪ್ಪಲ್ಲ.

ಕರ್ನಾಟಕದಲ್ಲಿ ಈ ದೂರು ಲೋಕಾಯುಕ್ತ ಪೊಲೀಸರಿಗೆ. 2022ರ ಆಗಸ್ಟ್ 11ರಂದು ಹೈಕೋರ್ಟ್ ಭ್ರಷ್ಟಾಚಾರ ನಿಗ್ರಹ ದಳವನ್ನು (ಎಸಿಬಿ) ರದ್ದು ಮಾಡಿ ಆ ಅಧಿಕಾರವನ್ನು ಲೋಕಾಯುಕ್ತಕ್ಕೆ ಮರಳಿಸಿತು. ಬೆಳಗಾವಿಯಲ್ಲೇ ಅವರ ಕಚೇರಿ ಇದೆ. ಅವರು ಕೆಲಸ ಮಾಡುವ ರೀತಿ ತಿಳಿದರೆ ನಿನಗೆ ಧೈರ್ಯ ಬರುತ್ತದೆ. ನೋಟಿನ ನಂಬರು ಬರೆದುಕೊಂಡು, ಸಾಕ್ಷಿಗಳ ಎದುರು ಅದಕ್ಕೆ ಫಿನಾಫ್ತಲಿನ್ ಪುಡಿ ಸವರಿ ಕೊಡುತ್ತಾರೆ. ಪುಡಿ ಕಣ್ಣಿಗೆ ಕಾಣದು. ನೋಟು ಮುಟ್ಟಿದ ಕೈಯನ್ನು ಸೋಡಿಯಂ ಕಾರ್ಬೊನೇಟ್ ಬೆರೆಸಿದ ನೀರಿನಲ್ಲಿ ಅದ್ದಿಸಿದರೆ ತಿಳಿನೀರು ಗುಲಾಬಿಯಾಗುತ್ತದೆ. ಆ ನೀರನ್ನು ಬಾಟಲಿಗೆ ತುಂಬಿ ಸೀಲು ಹಾಕುತ್ತಾರೆ, ನ್ಯಾಯಾಲಯದಲ್ಲಿ ಅದೇ ಸಾಕ್ಷಿ. ಘಟನೆ ಮಹಾರಾಷ್ಟ್ರದಲ್ಲಾದರೆ ಅಲ್ಲಿನ ಎಸಿಬಿಯ 1064ಕ್ಕೆ ಫೋನ್ ಮಾಡು, ಗೋವಾದಲ್ಲಾದರೆ ಅಲ್ಲಿನ ವಿಜಿಲೆನ್ಸ್‌ಗೆ ಬರೆದುಕೊಡು.

ಕೊನೆಗೆ ಒಂದು ಮಾತು. ಹಳೆಯ ಡ್ರೈವರುಗಳು ‘ತಿಂಗಳ ಎಂಟ್ರಿ ಕೊಟ್ಟುಬಿಡು, ತಲೆಬೇನೆ ಇರಲ್ಲ’ ಅನ್ನುತ್ತಾರೆ. ಅವರ ಮೇಲೆ ಸಿಟ್ಟಾಗಬೇಡ, ಆದರೆ ಅವರ ಮಾತು ಕೇಳಬೇಡ. ಒಂದು ತಿಂಗಳು ಕೊಟ್ಟರೆ ಮುಂದಿನ ತಿಂಗಳು ಅದು ನಿನ್ನ ಬಾಕಿಯಾಗುತ್ತದೆ. ನಿನ್ನ ಗಾಡಿ ನಂಬರು ಕೊಡುವವರ ಪಟ್ಟಿಗೆ ಸೇರುತ್ತದೆ, ನಿನ್ನಿಂದ ಕಲಿತ ರೇಟನ್ನು ನಿನ್ನ ಹಿಂದೆ ಬರುವ ಹೊಸ ಹುಡುಗನಿಗೆ ಹೇಳುತ್ತಾರೆ. ಮೊದಲ ಟ್ರಿಪ್ಪಿನಲ್ಲೇ ಚಲನ್ ಕೇಳಿದವನ ಗುರುತೂ ಅಷ್ಟೇ ಬೇಗ ಆಗುತ್ತದೆ. ಸ್ಟ್ಯಾಂಡಿನಲ್ಲಿ ನಿನ್ನ ಜೊತೆ ನಿಲ್ಲುವ ನಾಲ್ಕು ಜನರನ್ನು ಕೂಡಿಸಿಕೊಂಡು ಇದನ್ನೇ ಪದ್ಧತಿ ಮಾಡಿಕೊಳ್ಳಿ. ಒಬ್ಬನನ್ನು ನಿಲ್ಲಿಸಿಕೊಳ್ಳುವುದು ಸುಲಭ, ಒಂದೇ ಮಾತು ಆಡುವ ಐವರನ್ನು ನಿಲ್ಲಿಸಿಕೊಳ್ಳುವುದು ಸುಲಭವಲ್ಲ. ನಾಳೆ ಟ್ರಿಪ್ ಇದ್ದರೆ ಇವತ್ತು ರಾತ್ರಿಯೇ ಫೈಲು ತೆಗೆದು ತಾರೀಖು ನೋಡು.