ಕೆರೆಯ ಗುಳ್ಳೆ: ಪೋಲಾಗುವ ಗೊಬ್ಬರದ ಗುರುತು



ಬೇಸಿಗೆಯಲ್ಲಿ ಕೆರೆಯ ನೀರು ಇಳಿದಾಗ ದಡದ ಕೆಸರಿಗೆ ಕೋಲು ಚುಚ್ಚಿ ನೋಡಿರಿ. ಗುಳುಗುಳು ಎಂದು ಗುಳ್ಳೆಗಳು ಮೇಲೇಳುತ್ತವೆ. ಇವುಗಳಲ್ಲಿ ಹೆಚ್ಚಾಗಿ ಇರುವುದು ಮಿಥೇನ್ ಅನಿಲ. 1776ರಲ್ಲಿ ಇಟಲಿಯ ವಿಜ್ಞಾನಿ ವೋಲ್ಟಾ ಮ್ಯಾಜಿಯೋರೆ ಸರೋವರದ ಕೆಸರು ಕಲಕಿ ಈ ಅನಿಲವನ್ನು ಹಿಡಿದು, ಅದು ಉರಿಯುವುದೆಂದು ಕಂಡುಕೊಂಡನು. ಗೋಬರ್ ಗ್ಯಾಸ್ ಒಲೆಯಲ್ಲಿ ಉರಿಯುವುದೂ ಇದೇ.

ಇದು ಹುಟ್ಟುವ ಬಗೆ

ಕೆರೆಯ ತಳದ ಹೂಳಿಗೆ ಗಾಳಿ ತಲುಪುವುದಿಲ್ಲ. ಅಲ್ಲಿ ಸೇರಿದ ಕಸವನ್ನು ಗಾಳಿ ಬೇಡದ ಸೂಕ್ಷ್ಮಜೀವಿಗಳು ಕೊಳೆಸಿದಾಗ ಮಿಥೇನ್ ಉಂಟಾಗುತ್ತದೆ. ಬೀದರ ನಗರದ ಪಾಪನಾಶ ಕೆರೆಯಾಗಲಿ, ಭಾಲ್ಕಿ ತಾಲೂಕಿನ ಕಾರಂಜಾ ಜಲಾಶಯವಾಗಲಿ, ಔರಾದ ತಾಲೂಕಿನ ಊರ ಕೆರೆಯಾಗಲಿ, ನಿಯಮ ಒಂದೇ. ಆಳದ ನೀರಿನಲ್ಲಿ ಮೇಲೇರುವ ಮಿಥೇನನ್ನು ಬೇರೆ ಸೂಕ್ಷ್ಮಜೀವಿಗಳು ಬಹುಪಾಲು ತಿಂದುಬಿಡುತ್ತವೆ. ನೀರು ತೆಳುವಾಗಿ, ಬಿಸಿಯಾಗಿದ್ದರೆ ಗುಳ್ಳೆ ನೇರವಾಗಿ ಗಾಳಿಗೆ ಸೇರುತ್ತದೆ.

ಮೂಲಗಳು

1. ಮಳೆನೀರಿನೊಡನೆ ಹರಿದು ಬರುವ ಸೆಗಣಿ, ತಿಪ್ಪೆಯ ರಸ, ಎಲೆ ಮತ್ತು ಕಸ.
2. ಊರಿನ ಚರಂಡಿ ನೀರು.
3. ಹೊಲದಿಂದ ಕೊಚ್ಚಿ ಬರುವ ಮೇಲ್ಮಣ್ಣು ಮತ್ತು ರಸಗೊಬ್ಬರ. ಸಾರಜನಕ, ರಂಜಕಗಳಿಂದ ಪಾಚಿ, ಜಲಕಳೆ ಹುಲುಸಾಗಿ ಬೆಳೆದು, ಸತ್ತು, ತಳ ಸೇರುತ್ತವೆ.

ನಷ್ಟ ಯಾರಿಗೆ?

ನೀವು ಹಣ ಕೊಟ್ಟು ತಂದ ಗೊಬ್ಬರವೇ ಅಲ್ಲಿ ಕೊಳೆಯುತ್ತಿದೆ. ಕೊಳೆಯುವ ಕಸ ನೀರಿನ ಆಮ್ಲಜನಕ ಹೀರುವುದರಿಂದ ಮೀನು ಸಾಯುತ್ತವೆ. ಹೂಳು ತುಂಬಿದಷ್ಟು ನೀರು ಕಡಿಮೆ ನಿಲ್ಲುತ್ತದೆ. ನೂರು ವರ್ಷಗಳ ಲೆಕ್ಕದಲ್ಲಿ, ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡ್‌ಗಿಂತ ಮಿಥೇನ್ ಸುಮಾರು 28 ಪಟ್ಟು ಹೆಚ್ಚು ಭೂಮಿಯನ್ನು ಬಿಸಿ ಮಾಡುತ್ತದೆ. ಅದರಿಂದಾಗುವ ಮಳೆಯ ಏರುಪೇರನ್ನು ಮೊದಲು ಅನುಭವಿಸುವವನು ಮಳೆಯನ್ನೇ ನಂಬಿದ ತೊಗರಿ, ಸೋಯಾ ಬೆಳೆಗಾರ.

ಮಾಡಬೇಕಾದುದು

* ತಿಪ್ಪೆಯನ್ನು ಹಳ್ಳ, ಕೆರೆಯ ಅಂಚಿನಲ್ಲಿ ಹಾಕಬೇಡಿರಿ. ಸಾಧ್ಯವಿದ್ದಲ್ಲಿ ಸೆಗಣಿಯನ್ನು ಗೋಬರ್ ಗ್ಯಾಸ್ ಸ್ಥಾವರಕ್ಕೆ ಹಾಕಿರಿ. ಒಲೆಗೆ ಅನಿಲ, ಹೊಲಕ್ಕೆ ಬಗ್ಗಡ ಎರಡೂ ದೊರೆಯುತ್ತವೆ.
* ಇಳಿಜಾರಿಗೆ ಅಡ್ಡಲಾಗಿ ಬಿತ್ತಿರಿ. ಬದುಗಳ ಮೇಲೆ ಹುಲ್ಲು ಬೆಳೆಸಿರಿ.
* ಮಣ್ಣು ಪರೀಕ್ಷೆಯಂತೆ ರಸಗೊಬ್ಬರವನ್ನು ಕಂತುಗಳಲ್ಲಿ ಕೊಡಿರಿ.
* ಜಲಕಳೆಯನ್ನು ಸಾಯುವ ಮೊದಲೇ ತೆಗೆದು, ಬೀಜ ಕಟ್ಟದಿದ್ದರೆ ಕಾಂಪೋಸ್ಟ್ ಮಾಡಿರಿ.
* ಕೆರೆ ಒಣಗಿದಾಗ, ಊರವರು ಕೂಡಿ, ಪಂಚಾಯತಿಯ ಒಪ್ಪಿಗೆ ಪಡೆದು ಹೂಳೆತ್ತಿರಿ. ಬೀದರ ಭಾಗದ ಕೆಂಪು ಜಂಬಿಟ್ಟಿಗೆ ಮಣ್ಣಿಗೆ ಅದು ಒಳ್ಳೆಯದು. ಚರಂಡಿ ಸೇರಿದ ಕೆರೆಯ ಹೂಳನ್ನು ಪರೀಕ್ಷಿಸದೆ ಬಳಸಬೇಡಿರಿ.

ಮುಂದಿನ ಬೇಸಿಗೆಯಲ್ಲಿ ಅದೇ ಕೋಲು ಮತ್ತೆ ಚುಚ್ಚಿರಿ. ಗುಳ್ಳೆ ಕಡಿಮೆಯಾಗಿದ್ದರೆ ನಿಮ್ಮ ಗೊಬ್ಬರ ಹೊಲದಲ್ಲಿಯೇ ಉಳಿಯತೊಡಗಿದೆ ಎಂದು ನಂಬಬಹುದು.