ಪ್ಯಾಕೆಟ್ ತಿರುಗಿಸಿ ನೋಡಿ: ಕಿಡ್ನಿ ಕಾಪಾಡುವ ಲೇಬಲ್ ಸೂತ್ರಗಳು

ನೈಟ್ ಶಿಫ್ಟ್ ಇರಲಿ, ಕೆಎಎಸ್ ತಯಾರಿ ಇರಲಿ, ಪಿಜಿ ರೂಮಿನ ಶೆಲ್ಫ್‌ನಲ್ಲಿ ನೂಡಲ್ಸ್, ಚಿಪ್ಸ್, ಖಾರಾ ಮಿಕ್ಸ್‌ಚರ್, ಉಪ್ಪಿನಕಾಯಿ ಬಾಟಲಿ ಇದ್ದೇ ಇರುತ್ತವೆ. ತಿನ್ನಿ, ಆದರೆ ಓದಿ ತಿನ್ನಿ. ಕಿಡ್ನಿ ಸುಲಭಕ್ಕೆ ದೂರು ಹೇಳುವುದಿಲ್ಲ. ರಕ್ತಪರೀಕ್ಷೆಯಲ್ಲಿ ಕ್ರಿಯಾಟಿನೈನ್ ಏರಿದ್ದು ಕಾಣುವ ಹೊತ್ತಿಗೆ ಕಿಡ್ನಿಯ ಶಕ್ತಿ ಸಾಕಷ್ಟು ಕುಸಿದಿರುತ್ತದೆ. ‘ನನಗಿನ್ನೂ ವಯಸ್ಸು ಚಿಕ್ಕದು, ನನಗೇನಾಗುತ್ತೆ’ ಅನ್ನುವುದು ಒಂದು ಅಭ್ಯಾಸ. ‘ಆ ಸಣ್ಣ ಅಕ್ಷರ ನನಗೆ ಅರ್ಥ ಆಗಲ್ಲ’ ಅನ್ನುವುದೂ ಅಭ್ಯಾಸವೇ. ಎರಡನ್ನೂ ಇವತ್ತೇ ಬಿಡಿ.

1. ಮುಂಭಾಗ ಬಿಡಿ, ಹಿಂಭಾಗ ಓದಿ.
ಪ್ಯಾಕೆಟ್‌ನ ಮುಂದಿರುವುದು ಜಾಹೀರಾತು. ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐನ 2020ರ ಲೇಬಲಿಂಗ್ ನಿಯಮ ಕಡ್ಡಾಯ ಮಾಡಿರುವ ಪೋಷಕಾಂಶಗಳ ಪಟ್ಟಿ ಸಾಮಾನ್ಯವಾಗಿ ಹಿಂದೆ ಇರುತ್ತದೆ. ಮಲ್ಟಿಗ್ರೇನ್, ಬೇಕ್ಡ್, ನೋ ಕೊಲೆಸ್ಟ್ರಾಲ್ – ಇವ್ಯಾವುವೂ ಉಪ್ಪಿನ ಬಗ್ಗೆ ಏನೂ ಹೇಳುವುದಿಲ್ಲ. ‘ಲೋ ಸೋಡಿಯಂ’ ಎಂಬ ಮಾತಿಗೆ ಕಾನೂನಿನ ಅಳತೆ ಇದೆ: 100 ಗ್ರಾಂಗೆ 120 ಮಿಲಿಗ್ರಾಂ ಮೀರುವಂತಿಲ್ಲ. ಈ ಅಂಕಿಯನ್ನು ತಲೆಯಲ್ಲಿಟ್ಟುಕೊಂಡೇ ಅಂಗಡಿಗೆ ಹೋಗಿ.

2. ಸೋಡಿಯಂ ಸಾಲಿನ ಮೇಲೆ ಬೆರಳಿಡಿ.
ಕ್ಯಾಲೊರಿ ಆಮೇಲೆ ನೋಡಿದರಾಯಿತು. ಕಿಡ್ನಿ ಹಾಳಾಗಲು ಮುಖ್ಯ ಕಾರಣಗಳು ಸಕ್ಕರೆ ಕಾಯಿಲೆ ಮತ್ತು ಬಿಪಿ. ಉಪ್ಪು ಹೆಚ್ಚಾದರೆ ಬಿಪಿ ಏರುತ್ತದೆ, ಏರಿದ ಬಿಪಿ ಕಿಡ್ನಿಯೊಳಗಿನ ಸೂಕ್ಷ್ಮ ರಕ್ತನಾಳಗಳನ್ನು ಹಾಳುಮಾಡುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಹಾಕಿರುವ ಮಿತಿ ದಿನಕ್ಕೆ 2000 ಮಿಲಿಗ್ರಾಂ ಸೋಡಿಯಂ. ಸೋಡಿಯಂ ಅನ್ನು 2.5ರಿಂದ ಗುಣಿಸಿ, ಉಪ್ಪಿನ ಲೆಕ್ಕ ಸಿಗುತ್ತದೆ: 5 ಗ್ರಾಂ, ಅಂದರೆ ಒಂದು ಟೀ ಚಮಚ. ಬೆಳಗಿನ ಇಡ್ಲಿ–ಚಟ್ನಿಯಿಂದ ರಾತ್ರಿಯ ಸಾರಿನವರೆಗೆ ಎಲ್ಲವೂ ಇದರೊಳಗೇ ಮುಗಿಯಬೇಕು.

3. 100 ಗ್ರಾಂ ಲೆಕ್ಕ ನೋಡಿ ನಿಲ್ಲಬೇಡಿ. ನೀವು ತಿನ್ನುವಷ್ಟಕ್ಕೆ ಲೆಕ್ಕ ಹಾಕಿ.
ಹೆಚ್ಚಿನವರು ಎಡವುವುದು ಇಲ್ಲೇ. 200 ಗ್ರಾಂನ ಒಂದು ಮಿಕ್ಸ್‌ಚರ್ ಪ್ಯಾಕೆಟ್ ಎಂದಿಟ್ಟುಕೊಳ್ಳಿ. ಪಟ್ಟಿಯಲ್ಲಿ 100 ಗ್ರಾಂಗೆ 800 ಮಿಲಿಗ್ರಾಂ ಸೋಡಿಯಂ ಎಂದಿದೆ. ಪಕ್ಕದಲ್ಲಿ ಒಂದು ಸರ್ವಿಂಗ್ ಅಂದರೆ 30 ಗ್ರಾಂ, ದಿನದ ಮಿತಿಯ ಶೇ 12 ಎಂದೂ ಇದೆ. ಓದಿದವರಿಗೆ ನೆಮ್ಮದಿ. ಆದರೆ ಓದುತ್ತಾ ಕೂತಾಗ 30 ಗ್ರಾಂ ತೂಗಿ ತಿನ್ನುವವರು ಯಾರು? ಕೈ ಹಾಕುತ್ತಾ ಹಾಕುತ್ತಾ ಅರ್ಧ ಪ್ಯಾಕೆಟ್ ಖಾಲಿ. ಅಲ್ಲಿಗೆ 800 ಮಿಲಿಗ್ರಾಂ, ದಿನದ ಮಿತಿಯ ಶೇ 40. ಇನ್ನೂ ಊಟ ಆಗಿಲ್ಲ. ಸರ್ವಿಂಗ್ ಎಷ್ಟು ಗ್ರಾಂ, ಪ್ಯಾಕೆಟ್ ಎಷ್ಟು ಗ್ರಾಂ – ಈ ಎರಡನ್ನೂ ಹುಡುಕಿ. ಮೊಬೈಲ್ ಕ್ಯಾಲ್ಕ್ಯುಲೇಟರ್ ತೆಗೆಯಲು ನಾಚಿಕೆ ಬೇಡ. ಮೊದಲೇ ಒಂದು ಬಟ್ಟಲಿಗೆ ಹಾಕಿಕೊಂಡು ಪ್ಯಾಕೆಟ್ ಕಟ್ಟಿಡಿ. ನೂಡಲ್ಸ್‌ನಲ್ಲಿ ಉಪ್ಪಿನ ದೊಡ್ಡ ಪಾಲು ಮಸಾಲೆ ಪೊಟ್ಟಣದಲ್ಲೇ ಇರುತ್ತದೆ. ಅರ್ಧ ಹಾಕಿ, ಒಂದು ಹಿಡಿ ತರಕಾರಿ ಸೇರಿಸಿ.

4. ಪಟ್ಟಿಯಲ್ಲಿ ಇಲ್ಲದ್ದನ್ನೂ ಹುಡುಕಿ.
ಪೊಟ್ಯಾಸಿಯಂ, ಫಾಸ್ಫರಸ್ ಎಷ್ಟಿದೆ ಎಂದು ಬರೆಯುವುದು ನಮ್ಮ ದೇಶದಲ್ಲಿ ಕಡ್ಡಾಯವಲ್ಲ. ಆರೋಗ್ಯವಾಗಿರುವ ಕಿಡ್ನಿ ಇವನ್ನು ನಿಭಾಯಿಸುತ್ತದೆ. ಕಿಡ್ನಿ ಸೋತಿದ್ದರೆ ಇವೇ ರಕ್ತದಲ್ಲಿ ಉಳಿದು, ಒಂದು ಹೃದಯದ ಬಡಿತಕ್ಕೆ, ಇನ್ನೊಂದು ಮೂಳೆಗೆ ಮತ್ತು ರಕ್ತನಾಳಗಳಿಗೆ ಕುತ್ತು ತರುತ್ತವೆ. ಹಾಗಾಗಿ ಇಂಗ್ರೀಡಿಯೆಂಟ್ಸ್ ಸಾಲಿಗೆ ಬನ್ನಿ. ಅಲ್ಲಿ ತೂಕ ಹೆಚ್ಚಿರುವುದು ಮೊದಲು ಬರುತ್ತದೆ. ಸೇರ್ಪಡೆಗಳ ಗುರುತಾದ ಐಎನ್‌ಎಸ್ ನಂಬರ್‌ಗಳನ್ನು ನೋಡಿ: 338ರಿಂದ 341, ಮತ್ತು 450, 451, 452. ಇವೆಲ್ಲ ಫಾಸ್ಫರಸ್ ಸೇರಿಸಿದ ಗುರುತು. ಕೋಲಾದಲ್ಲಿರುವ 338 ಫಾಸ್ಫಾರಿಕ್ ಆಮ್ಲ. 508 ಅಂದರೆ ಪೊಟ್ಯಾಸಿಯಂ ಕ್ಲೋರೈಡ್. ಬೇಳೆಕಾಳಿನಲ್ಲಿ ಸಹಜವಾಗಿರುವ ಫಾಸ್ಫರಸ್ ಒಂದಷ್ಟು ಮಾತ್ರ ಮೈಗೆ ಹತ್ತುತ್ತದೆ. ಹೀಗೆ ಸೇರಿಸಿದ್ದು ಬಹುಪಾಲು ಹೀರಿಕೆಯಾಗುತ್ತದೆ. ಪೀರಿಯಾಡಿಕ್ ಟೇಬಲ್ ಬಾಯಿಪಾಠ ಮಾಡಿದವರು ನೀವು. ಈ ಎಂಟು ನಂಬರ್ ನಿಮಗೆ ದೊಡ್ಡದಲ್ಲ.

5. ಲೋ ಸೋಡಿಯಂ ಉಪ್ಪನ್ನು ಅಪ್ಪ–ಅಮ್ಮನಿಗೆ ಕೊಡುವ ಮುಂಚೆ ಡಾಕ್ಟರನ್ನು ಕೇಳಿ.
ಇದನ್ನು ಯಾವ ಕಾರಣಕ್ಕೂ ಮರೆಯಬೇಡಿ. ಅಂಥ ಉಪ್ಪಿನಲ್ಲಿ ಸೋಡಿಯಂ ತೆಗೆದ ಜಾಗಕ್ಕೆ ಸಾಮಾನ್ಯವಾಗಿ ಪೊಟ್ಯಾಸಿಯಂ ಕ್ಲೋರೈಡ್ ಬಂದಿರುತ್ತದೆ. ಬಿಪಿ ಇರುವ ಹಲವರಿಗೆ ಅದು ಒಳ್ಳೆಯದೇ. ಕಿಡ್ನಿ ತೊಂದರೆ ಇದ್ದವರಿಗೆ ಅಪಾಯ. ವಿಶ್ವ ಆರೋಗ್ಯ ಸಂಸ್ಥೆ 2025ರ ಜನವರಿಯಲ್ಲಿ ಇಂಥ ಉಪ್ಪಿನ ಬಗ್ಗೆ ಮಾರ್ಗಸೂಚಿ ಕೊಟ್ಟಾಗ ಕಿಡ್ನಿ ತೊಂದರೆ ಇರುವವರನ್ನು ಅದರಿಂದ ಹೊರಗಿಟ್ಟಿತು. ಪ್ರೀತಿಯಿಂದ ತಂದ ಉಪ್ಪು ಮನೆಯವರನ್ನು ಐಸಿಯುಗೆ ಕಳಿಸುವಂತಾಗಬಾರದು.

6. ‘ಆ್ಯಡೆಡ್ ಶುಗರ್ಸ್’ ಸಾಲು ಬಿಡಬೇಡಿ.
ಕಿಡ್ನಿ ಹಾಳುಮಾಡುವ ಸಕ್ಕರೆ ಕಾಯಿಲೆಯ ನೆನಪಿರಲಿ. ಲೇಬಲ್ ಲೆಕ್ಕಕ್ಕೆ ಹಿಡಿದಿರುವ ದಿನದ ಮಿತಿ 50 ಗ್ರಾಂ. ಅಷ್ಟೂ ನಿಮ್ಮ ಹಕ್ಕು ಎಂದು ತಿಳಿಯಬೇಡಿ.

7. ಲೇಬಲ್ ಇಲ್ಲದಿದ್ದರೆ ಪ್ರಮಾಣ ಇಳಿಸಿ.
ಬೇಕರಿಯ ಕಾಂಗ್ರೆಸ್ ಕಡಲೆಕಾಯಿ, ನಿಪ್ಪಟ್ಟು, ಖಾರಾ ಬನ್ – ಬಿಡಿಯಾಗಿ ಕಟ್ಟಿಕೊಡುವಾಗ ಪಟ್ಟಿ ಎಲ್ಲಿಂದ ಬರಬೇಕು? ಮನೆಯ ಹಪ್ಪಳ, ಸಂಡಿಗೆ, ಉಪ್ಪಿನಕಾಯಿಯೂ ಅಷ್ಟೇ. ಮನೆಯಲ್ಲಿ ಮಾಡಿದ್ದು ಎಂಬ ಮಾತ್ರಕ್ಕೆ ಉಪ್ಪು ಕಡಿಮೆಯಾಗುವುದಿಲ್ಲ. ಉಪ್ಪಿನಕಾಯಿ ಹಾಕಿಕೊಂಡ ದಿನ ಹಪ್ಪಳ ಬೇಡ.

8. ಪರೀಕ್ಷೆ ಮಾಡಿಸಿ, ಫೋಟೋ ತೆಗೆದುಕೊಂಡು ಹೋಗಿ.
ಶುಗರ್, ಬಿಪಿ ಇದ್ದವರು ಎರಡು ಪರೀಕ್ಷೆ ಕೇಳಿ: ಕಿಡ್ನಿ ಎಷ್ಟು ಸೋಸುತ್ತಿದೆ ಎಂದು ತೋರಿಸುವ ಇಜಿಎಫ್‌ಆರ್ ಲೆಕ್ಕವೂ ಬರುವ ಕ್ರಿಯಾಟಿನೈನ್, ಮತ್ತು ಮೂತ್ರದ ಆಲ್ಬುಮಿನ್. ಮನೆಯಲ್ಲಿ ಯಾರಿಗಾದರೂ ಕಿಡ್ನಿ ತೊಂದರೆ ಗೊತ್ತಾಗಿದ್ದರೆ, ಅಡುಗೆಮನೆಯ ಪ್ಯಾಕೆಟ್‌ಗಳ ಹಿಂಭಾಗದ ಫೋಟೋಗಳನ್ನು ಮೊಬೈಲಿನಲ್ಲಿಟ್ಟುಕೊಂಡು, ರಿಪೋರ್ಟ್ ಜೊತೆ ಡಯಟಿಷಿಯನ್ ಹತ್ತಿರ ಹೋಗಿ. ಜಿಮ್‌ನ ಪ್ರೋಟೀನ್ ಡಬ್ಬಿಯನ್ನೂ ಸೇರಿಸಿ. ‘ಏನು ತಿನ್ನಬಾರದು’ ಎಂದು ಕೇಳಬೇಡಿ. ‘ಇದರಲ್ಲಿ ಯಾವುದು, ಎಷ್ಟು ಗ್ರಾಂ’ ಎಂದು ಕೇಳಿ. ಡಯಾಲಿಸಿಸ್‌ನಲ್ಲಿರುವವರ ಪ್ರೋಟೀನ್ ಲೆಕ್ಕ ಬೇರೆ, ಅದಕ್ಕೂ ಮುಂಚಿನ ಹಂತದವರ ಲೆಕ್ಕ ಬೇರೆ. ಆದ್ದರಿಂದ ಪಕ್ಕದ ಮನೆಯವರ ಡಯಟ್ ಚಾರ್ಟ್ ಅನ್ನು ವಾಟ್ಸ್‌ಆ್ಯಪ್‌ನಲ್ಲಿ ತರಿಸಿಕೊಳ್ಳಬೇಡಿ.